ಇಳಿದ ರೆಪ್ಪೆ, ಹಿಗ್ಗಿದ ಪಾಪೆ: ಮೂರನೇ ನರದ ಒಂದು ಪ್ರಕರಣ

ಆಕೆ ಬಂದಾಗ ರಾತ್ರಿ ಎಂಟೂವರೆ ಆಗಿತ್ತು. ವಯಸ್ಸು 54. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡೇ ಒಳಗೆ ಬಂದರು. ಕೈ ತೆಗೆಯಿರಿ ಅಂದೆ. ರೆಪ್ಪೆ ಅರ್ಧ ಇಳಿದಿತ್ತು, ಕಣ್ಣು ಸ್ವಲ್ಪ ಹೊರಗೆ ವಾಲಿತ್ತು.

"ನಿನ್ನೆ ಬೆಳಗ್ಗೆಯಿಂದ ಹೀಗೆ ಡಾಕ್ಟ್ರೇ. ಮೆಟ್ಟಿಲು ಎರಡೆರಡು ಕಾಣುತ್ತೆ. ಒಂದು ಕಣ್ಣು ಮುಚ್ಕೊಂಡ್ರೆ ಸರಿಹೋಗುತ್ತೆ" ಅಂದರು. ಹುಬ್ಬಿನ ಮೇಲೆ ನೋವು, ಎರಡು ದಿನದಿಂದ. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ, ನಾಲ್ಕು ವರ್ಷದಿಂದ ಬಿಪಿ. ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದರು.

ನಾನಾಗ ಪಿಜಿ ಮೊದಲ ವರ್ಷದಲ್ಲಿದ್ದೆ. ಪರೀಕ್ಷೆಗೆ ಓದುವ ಕಾಲ. ನರ ಮತ್ತು ಕಣ್ಣು ಸೇರುವ ಆ ಅಧ್ಯಾಯವನ್ನು ಎರಡು ಸಲ ಮುಗಿಸಿದ್ದೆ. ಅದರಲ್ಲಿದ್ದ ಒಂದು ಕೋಷ್ಟಕ ಬಾಯಿಪಾಠವಾಗಿತ್ತು: ಮೂರನೇ ನರದ (ರೆಪ್ಪೆ ಎತ್ತುವ, ಕಣ್ಣು ತಿರುಗಿಸುವ, ಪಾಪೆ ಸಣ್ಣಗೆ ಮಾಡುವ ನರ) ಪಾಲ್ಸಿಯಲ್ಲಿ, ಅಂದರೆ ಆ ನರ ಸೋತಾಗ, ಪಾಪೆ ಹಿಗ್ಗಿದ್ದರೆ ಅನ್ಯೂರಿಸಂ (ರಕ್ತನಾಳದ ಗೋಡೆಯ ಉಬ್ಬು), ಪಾಪೆ ಸರಿಯಿದ್ದರೆ ಸಕ್ಕರೆ ಕಾಯಿಲೆ. ಆಕೆ 'ಶುಗರ್ ಇದೆ' ಅಂದ ಕ್ಷಣವೇ ಉತ್ತರ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಟಾರ್ಚ್ ಹಾಕಿ ನೋಡಿದೆ, ಎರಡೂ ಪಾಪೆ ಸಣ್ಣಗಾದ ಹಾಗೆ ಕಂಡಿತು. ಕೇಸ್ ಶೀಟಿನಲ್ಲಿ 'ಪ್ಯೂಪಿಲ್ ಎರಡೂ ಕಡೆ ಸಮ, ಬೆಳಕಿಗೆ ಸ್ಪಂದಿಸುತ್ತಿವೆ. ಡಯಾಬಿಟಿಕ್ ಮೂರನೇ ನರದ ಪಾಲ್ಸಿ' ಎಂದು ಬರೆದೆ.

ಒಂದೇ ಸಾಲಿನಲ್ಲಿ ಎರಡು ತಪ್ಪು ಮಾಡಿದ್ದೆ. ಪರೀಕ್ಷೆಗೆ ಓದುತ್ತಿರುವ ಕಿರಿಯರಿಗೆ ನಾನು ಈ ಪ್ರಕರಣವನ್ನು ಪೂರ್ತಿ ಹೇಳುವುದು ಆ ಎರಡು ತಪ್ಪುಗಳಿಗಾಗಿಯೇ. ರೋಗಿಯ ಗುರುತು ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ. ಕಣ್ಣಿನಲ್ಲಿ ಕಂಡದ್ದನ್ನು ಬದಲಿಸಿಲ್ಲ.

ಮರುದಿನ ಬೆಳಗಿನ ರೌಂಡ್ಸ್

ನಮ್ಮ ಮೇಡಂ ಶೀಟ್ ಓದಿದರು. ಏನೂ ಹೇಳಲಿಲ್ಲ. ಕಿಟಕಿ ಪರದೆ ಎಳೆಸಿದರು, ಲೈಟ್ ಆರಿಸಿದರು. "ಅಮ್ಮಾ, ದೂರದ ಗೋಡೆ ಕಡೆ ನೋಡ್ತಾ ಇರಿ" ಅಂದರು. ಟಾರ್ಚನ್ನು ಗಲ್ಲದ ಕೆಳಗಿನಿಂದ ಓರೆಯಾಗಿ ಹಿಡಿದರು. ಕಡು ಕಂದು ಕಣ್ಣಿನಲ್ಲಿ ಪಾಪೆಯ ಅಂಚು ಸುಲಭಕ್ಕೆ ಕಾಣುವುದಿಲ್ಲ. ಎದುರಿನಿಂದ ಬೆಳಕು ಬಿಟ್ಟರೆ ನೋಡುವ ಮೊದಲೇ ಪಾಪೆ ಸಣ್ಣಗಾಗಿಬಿಡುತ್ತದೆ. ಕೆಳಗಿನಿಂದ ಬಂದ ಮಂದ ಬೆಳಕಿನಲ್ಲಿ ಎರಡೂ ಅಂಚು ಒಟ್ಟಿಗೇ ಕಂಡವು. ಬಲಗಡೆ 5 ಮಿ.ಮೀ., ಎಡಗಡೆ 4.

ಆಮೇಲೆ ಎಲ್ಲ ದೀಪ ಹಾಕಿಸಿದರು. ಎಡಪಾಪೆ 2.5ಕ್ಕೆ ಇಳಿಯಿತು. ಬಲಪಾಪೆ 4.5ರಲ್ಲೇ ನಿಂತಿತು.

ಕತ್ತಲಲ್ಲಿ 1 ಮಿ.ಮೀ. ಇದ್ದ ವ್ಯತ್ಯಾಸ ಬೆಳಕಿನಲ್ಲಿ 2 ಮಿ.ಮೀ. ಆಯಿತು. ಬೆಳಕಿನಲ್ಲಿ ವ್ಯತ್ಯಾಸ ಜಾಸ್ತಿಯಾದರೆ ದೊಡ್ಡ ಪಾಪೆಯೇ ತಪ್ಪಿತಸ್ಥ, ಅದಕ್ಕೆ ಸಣ್ಣಗಾಗಲು ಆಗುತ್ತಿಲ್ಲ. ಕತ್ತಲಲ್ಲಿ ಜಾಸ್ತಿಯಾದರೆ ಸಣ್ಣ ಪಾಪೆಯೇ ತಪ್ಪಿತಸ್ಥ, ಅದಕ್ಕೆ ಹಿಗ್ಗಲು ಆಗುತ್ತಿಲ್ಲ. ಪಾಪೆಯ ಪ್ರಶ್ನೆಗಳಲ್ಲಿ ಅರ್ಧದಷ್ಟು ಇಷ್ಟರಲ್ಲೇ ಬಿಡಿಸಿಕೊಳ್ಳುತ್ತವೆ.

ಹಿಂದಿನ ರಾತ್ರಿ ಪಾಪೆ ನಿಜವಾಗಿ ಸಮ ಇತ್ತೇ, ಅಥವಾ ಟ್ಯೂಬ್‌ಲೈಟ್ ಬೆಳಕಿನಲ್ಲಿ ಎದುರಿನಿಂದ ಟಾರ್ಚ್ ಬಿಟ್ಟು ನಾನೇ ತಪ್ಪಿಸಿಕೊಂಡೆನೇ? ನಾನು ಅಳತೆ ಬರೆದಿರಲಿಲ್ಲ. 'ಸಮ' ಎಂದಷ್ಟೇ ಬರೆದಿದ್ದೆ. ಹಾಗಾಗಿ ಹೋಲಿಸಿ ನೋಡಲು ಏನೂ ಇರಲಿಲ್ಲ. ಅಂದಿನಿಂದ ಕತ್ತಲಲ್ಲಿ ಎಷ್ಟು, ಬೆಳಕಲ್ಲಿ ಎಷ್ಟು ಎಂದು ಮಿ.ಮೀ.ನಲ್ಲೇ ಬರೆಯುತ್ತೇನೆ. ಪ್ರಾಕ್ಟಿಕಲ್‌ನಲ್ಲೂ ಹೀಗೇ ಹೇಳಿ. ಪರೀಕ್ಷಕರ ಮುಂದಿನ ಪ್ರಶ್ನೆಯೇ ಬದಲಾಗುತ್ತದೆ.

ಉಳಿದ ಪರೀಕ್ಷೆಯನ್ನು ಮೇಡಂ ನನ್ನಿಂದಲೇ ಮಾಡಿಸಿದರು. ದೃಷ್ಟಿ ಎರಡೂ ಕಡೆ 6/9. ರೆಪ್ಪೆಗಳ ನಡುವಿನ ಅಂತರ ಬಲಗಡೆ 4 ಮಿ.ಮೀ., ಎಡಗಡೆ 9. ಬಲಗಣ್ಣು ಮೂಗಿನ ಕಡೆ ಅರ್ಧದಷ್ಟೇ ಬರುತ್ತಿತ್ತು. ಮೇಲಕ್ಕೆ ಬಹಳ ಕಡಿಮೆ, ಕೆಳಕ್ಕೂ ಕಡಿಮೆ. ಹೊರಗೆ ಪೂರ್ತಿ ಹೋಗುತ್ತಿತ್ತು, ಅಂದರೆ ಆರನೇ ನರ ಸರಿಯಿದೆ. ಎಡಗಣ್ಣಿನ ಚಲನೆ ಎಲ್ಲ ಕಡೆಗೂ ಸರಿಯಿತ್ತು. ಫಂಡಸ್‌ನಲ್ಲಿ (ಕಣ್ಣಿನ ಒಳಗಿನ ಹಿಂಗೋಡೆ) ಡಿಸ್ಕ್ ಊತ, ಅಂದರೆ ದೃಷ್ಟಿನರದ ತುದಿಯ ಊತ, ಇರಲಿಲ್ಲ. ಹಣೆಯ ಸ್ಪರ್ಶ, ಕಾರ್ನಿಯಲ್ ರಿಫ್ಲೆಕ್ಸ್ (ಕಾರ್ನಿಯಾ ಮುಟ್ಟಿದರೆ ರೆಪ್ಪೆ ಮಿಟುಕುವುದು) ಎರಡೂ ಸರಿ, ಅಂದರೆ ಐದನೇ ನರವೂ ಸರಿಯಿದೆ. ಕೈಕಾಲಿನ ಬಲ ಸರಿ, ನಡುಕ ಇಲ್ಲ, ಕುತ್ತಿಗೆ ಬಿಗಿತ ಇಲ್ಲ.

ನಾಲ್ಕನೇ ನರ ಹೇಗೆ ನೋಡುತ್ತೀರಿ ಎಂದು ಮೇಡಂ ಕೇಳಿದರು. ಕಣ್ಣನ್ನು ಮೂಗಿನ ಕಡೆ ತಿರುಗಿಸಿ ಕೆಳಗೆ ನೋಡಲು ಹೇಳಬೇಕು ಅಂದೆ. "ಇವರ ಕಣ್ಣು ಮೂಗಿನ ಕಡೆ ಬರೋದೇ ಇಲ್ವಲ್ಲ?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಬಿಳಿಗುಡ್ಡೆಯ ಮೇಲಿನ ಒಂದು ಕೆಂಪು ರಕ್ತನಾಳವನ್ನು ಗುರುತಿಟ್ಟುಕೊಳ್ಳಲು ಹೇಳಿ, ರೋಗಿಗೆ ಕೆಳಗೆ ನೋಡಲು ಹೇಳಿದರು. ಕಣ್ಣು ಹೆಚ್ಚು ಇಳಿಯಲಿಲ್ಲ. ಆದರೆ ಆ ನಾಳ ತಾನಿದ್ದಲ್ಲೇ ಮೂಗಿನ ಕಡೆ ಹೊರಳಿತು, ಗಡಿಯಾರದ ಮುಳ್ಳು ಸ್ವಲ್ಪ ಸರಿದ ಹಾಗೆ. ಅದು ನಾಲ್ಕನೇ ನರ ನಡೆಸುವ ಸುಪೀರಿಯರ್ ಆಬ್ಲಿಕ್ ಸ್ನಾಯುವಿನ ಕೆಲಸ. ಹೊರಳಿದರೆ ನಾಲ್ಕನೇ ನರ ಉಳಿದಿದೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ಸಾಕು, ಮತ್ತೆ ಓದಬೇಕಾಗಿಲ್ಲ.

ಮೊದಲು ಎಲ್ಲಿ, ಆಮೇಲೆ ಏನು

ನನ್ನ ಮೊದಲ ತಪ್ಪು ದಿಕ್ಕಿನದು. ಪಾಪೆಯಿಂದ ಕಾರಣದ ಕಡೆ ಹೋಗಬೇಕಿತ್ತು. ನಾನು ಸಕ್ಕರೆ ಕಾಯಿಲೆಯಿಂದ ಪಾಪೆಯ ಕಡೆ ಬಂದೆ. ಶುಗರ್ ಇದೆ, ಹಾಗಾಗಿ ಪಾಪೆ ಸರಿಯೇ ಇರಬೇಕು ಎಂದುಕೊಂಡು ನೋಡಿದೆ. ಹಾಗೆ ನೋಡಿದವರಿಗೆ ಸರಿಯಾಗಿಯೇ ಕಾಣುತ್ತದೆ, ಅಲ್ವಾ? ಸಕ್ಕರೆ ಕಾಯಿಲೆ ಇರುವವರಿಗೂ ಅನ್ಯೂರಿಸಂ ಬರುತ್ತದೆ.

ಎರಡನೇ ತಪ್ಪು ಇನ್ನೂ ದೊಡ್ಡದು. ಪಾಪೆಯ ನಿಯಮ ಅನ್ವಯಿಸುವುದು ಪಾಲ್ಸಿ ಪೂರ್ತಿಯಾದಾಗ ಮಾತ್ರ. ರೆಪ್ಪೆ ಸಂಪೂರ್ಣ ಇಳಿದು, ಕಣ್ಣು ಒಳಗೆ, ಮೇಲೆ, ಕೆಳಗೆ ಎಲ್ಲೂ ಹೋಗದೆ, ಅಷ್ಟಾದರೂ ಪಾಪೆ ಪೂರ್ತಿ ಸರಿಯಿದ್ದರೆ ಆಗ ನರಕ್ಕೆ ರಕ್ತ ಸಾಲದಿರುವುದೇ ಕಾರಣವಾಗಿರುವ ಸಾಧ್ಯತೆ ಹೆಚ್ಚು ಎನ್ನಬಹುದು. ಈಕೆಯದು ಅರೆಬರೆ ಪಾಲ್ಸಿ. ಅರೆಬರೆ ಇದ್ದಾಗ ಪಾಪೆ ಸರಿಯಿದೆ ಎಂಬುದಕ್ಕೆ ಬೆಲೆ ಇಲ್ಲ. ಒತ್ತಡ ಇನ್ನೂ ಪಾಪೆಯ ಎಳೆಗಳನ್ನು ಮುಟ್ಟಿಲ್ಲದೆ ಇರಬಹುದು, ನಾಳೆ ಮುಟ್ಟಬಹುದು. ನಾನು ಓದಿದ್ದ ಕೋಷ್ಟಕದಲ್ಲಿ 'ಪೂರ್ತಿ' ಎಂಬ ಆ ಒಂದು ಪದ ಇರಲಿಲ್ಲ. ಇಂದು ಮೂರನೇ ನರದ ಪಾಲ್ಸಿಗೆ ಪಾಪೆ ಹೇಗೇ ಇರಲಿ ಸ್ಕ್ಯಾನ್ ಮಾಡಿಸುವವರೇ ಜಾಸ್ತಿ. ನನ್ನ ಅಭಿಪ್ರಾಯವೂ ಅದೇ.

ಪಾಪೆಗೆ ಇಷ್ಟು ಮಹತ್ವ ಯಾಕೆ? ಪಾಪೆಯನ್ನು ಸಣ್ಣಗೆ ಮಾಡುವ ಎಳೆಗಳು ಮೆದುಳಿನ ಒಂದು ನರಕೋಶಗಳ ಗುಂಪಾದ ಎಡಿಂಗರ್ ವೆಸ್ಟ್‌ಫಾಲ್ ನ್ಯೂಕ್ಲಿಯಸ್‌ನಿಂದ ಹೊರಟು ಮೂರನೇ ನರದ ಹೊರಮೈಯಲ್ಲಿ, ಮೇಲಿನ ಒಳಬದಿಯಲ್ಲಿ ಸಾಗುತ್ತವೆ. ಹೊರಗಿನಿಂದ ಏನಾದರೂ ಒತ್ತಿದರೆ ಮೊದಲ ಪೆಟ್ಟು ಅವಕ್ಕೇ. ಸಕ್ಕರೆ ಕಾಯಿಲೆಯಲ್ಲಿ ಮುಚ್ಚುವುದು ನರದ ಒಳಗಿನ ಸಣ್ಣ ರಕ್ತನಾಳಗಳು. ಆಗ ನರದ ನಡುಭಾಗ ಒಣಗುತ್ತದೆ. ಹೊರಮೈಗೆ ಪೊರೆಯ ನಾಳಗಳಿಂದ ಬೇರೆ ರಕ್ತ ಸಿಗುವುದರಿಂದ ಅದು ಉಳಿಯುತ್ತದೆ. ಚಿತ್ರ ಇಷ್ಟೇ. ಆದರೆ ಇದೂ ಗೋಡೆ ಕಟ್ಟಿದ ಹಾಗೆ ಗಟ್ಟಿಯಲ್ಲ. ಸಕ್ಕರೆ ಕಾಯಿಲೆಯ ಪಾಲ್ಸಿಯಲ್ಲೂ ಕೆಲವರಿಗೆ ಪಾಪೆ ಕೊಂಚ ಹಿಗ್ಗುತ್ತದೆ, ಸಾಮಾನ್ಯವಾಗಿ 1 ಮಿ.ಮೀ. ಒಳಗೆ. ನೋವನ್ನು ನಂಬಿಕೊಳ್ಳಲೂ ಆಗದು. ಅನ್ಯೂರಿಸಂನಲ್ಲೂ ನೋವು, ಸಕ್ಕರೆ ಕಾಯಿಲೆಯಲ್ಲೂ ನೋವು.

ಆಮೇಲೆ ಮೇಡಂ ಒಂದು ಖಾಲಿ ಹಾಳೆ ಕೊಟ್ಟು ಮೂರನೇ ನರದ ದಾರಿ ಬರೆಯಲು ಹೇಳಿದರು. ಮಿಡ್‌ಬ್ರೇನ್‌ನಲ್ಲಿ (ಮೆದುಳುಕಾಂಡದ ಮೇಲ್ಭಾಗ) ನ್ಯೂಕ್ಲಿಯಸ್. ಅಲ್ಲಿಂದ ರೆಡ್ ನ್ಯೂಕ್ಲಿಯಸ್ ಹಾದು, ಕೈಕಾಲು ಆಡಿಸುವ ಎಳೆಗಳು ಇಳಿಯುವ ಸೆರೆಬ್ರಲ್ ಪೆಡಂಕಲ್ ಪಕ್ಕದಲ್ಲಿ ಹೊರಗೆ. ಪೋಸ್ಟೀರಿಯರ್ ಸೆರೆಬ್ರಲ್ ಮತ್ತು ಸುಪೀರಿಯರ್ ಸೆರೆಬೆಲ್ಲಾರ್ ನಾಳಗಳ ನಡುವೆ ನುಸುಳಿ, ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ನಾಳದ ಪಕ್ಕಪಕ್ಕದಲ್ಲೇ ಮುಂದೆ. ಕಣ್ಣುಗೂಡಿನ ಹಿಂದೆ ರಕ್ತ ತುಂಬಿದ ಕೋಣೆಯಾದ ಕ್ಯಾವರ್ನಸ್ ಸೈನಸ್‌ನ ಹೊರಗೋಡೆ. ಸುಪೀರಿಯರ್ ಆರ್ಬಿಟಲ್ ಫಿಶರ್ (ಕಣ್ಣುಗೂಡಿಗೆ ತೆರೆಯುವ ಎಲುಬಿನ ಸೀಳು). ಕಣ್ಣುಗೂಡು.

ಒಂದೊಂದು ನಿಲ್ದಾಣದಲ್ಲಿ ಅಕ್ಕಪಕ್ಕ ಯಾರಿದ್ದಾರೆ ಎಂದು ಬರೆದು, ಅವರಿಗೆ ಪೆಟ್ಟಾಗಿದೆಯೇ ಎಂದು ಕೇಳುತ್ತಾ ಹೋದೆವು. ನ್ಯೂಕ್ಲಿಯಸ್ ಆಗಿದ್ದರೆ ಎರಡೂ ರೆಪ್ಪೆ ಇಳಿಯಬೇಕಿತ್ತು, ರೆಪ್ಪೆ ಎತ್ತುವ ಎರಡು ಲೆವೇಟರ್‌ಗೂ ಒಂದೇ ಉಪಕೇಂದ್ರ. ಕಣ್ಣನ್ನು ಮೇಲೆತ್ತುವ ಸುಪೀರಿಯರ್ ರೆಕ್ಟಸ್ ಸ್ನಾಯುವಿನ ಎಳೆಗಳು ಎದುರು ಬದಿಗೆ ದಾಟುವುದರಿಂದ ಎಡಗಣ್ಣೂ ಮೇಲೇರಲು ಕಷ್ಟಪಡಬೇಕಿತ್ತು. ಎಡಗಣ್ಣು ಪೂರ್ತಿ ಸರಿ, ಹಾಗಾಗಿ ನ್ಯೂಕ್ಲಿಯಸ್ ಅಲ್ಲ. ಕೈಕಾಲು ಸರಿ, ನಡುಕವಿಲ್ಲ, ಹಾಗಾಗಿ ಮಿಡ್‌ಬ್ರೇನ್‌ನ ಒಳದಾರಿಯೂ ಅಲ್ಲ. ಅಲ್ಲಿ ಜೊತೆಗೇ ಹಾದುಹೋಗುವ ನಾಲ್ಕು, ಐದು, ಆರನೇ ನರಗಳು ಮೂರೂ ಸರಿಯಿವೆ, ಹಾಗಾಗಿ ಕ್ಯಾವರ್ನಸ್ ಸೈನಸ್ ಸಾಧ್ಯತೆ ಕಡಿಮೆ. ಕಣ್ಣುಗುಡ್ಡೆ ಮುಂದೆ ಬಂದಿಲ್ಲ, ದೃಷ್ಟಿ ಇಳಿದಿಲ್ಲ, ಹಾಗಾಗಿ ಕಣ್ಣುಗೂಡೂ ಅಲ್ಲ. ಉಳಿದದ್ದು ಮಿಡ್‌ಬ್ರೇನ್‌ನಿಂದ ಕ್ಯಾವರ್ನಸ್ ಸೈನಸ್‌ವರೆಗಿನ ದಾರಿ. ಅಲ್ಲಿ ನರಕ್ಕೆ ಹತ್ತಿರದ ನೆರೆಯವರು ರಕ್ತನಾಳಗಳು.

ಅರ್ಧ ಗಂಟೆಯೊಳಗೆ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಆದ ಸಿಟಿ ಆಂಜಿಯೋಗ್ರಾಮ್‌ಗೆ ಕಳುಹಿಸಿದರು. ಬಲಗಡೆ, ಕುತ್ತಿಗೆಯಿಂದ ಮೆದುಳಿಗೆ ರಕ್ತ ಒಯ್ಯುವ ಇಂಟರ್ನಲ್ ಕರೋಟಿಡ್‌ನಿಂದ ಪೋಸ್ಟೀರಿಯರ್ ಕಮ್ಯುನಿಕೇಟಿಂಗ್ ನಾಳ ಕವಲೊಡೆಯುವ ಜಾಗದಲ್ಲಿ 7 ಮಿ.ಮೀ.ನ ಉಬ್ಬು. ಅದರ ತುದಿ ಹಿಂದಕ್ಕೆ, ನರದ ಕಡೆ ಚಾಚಿತ್ತು. ರಕ್ತ ಸೋರಿರಲಿಲ್ಲ. ಅದೇ ದಿನ ನರಶಸ್ತ್ರಚಿಕಿತ್ಸಕರಿಗೆ ಒಪ್ಪಿಸಿದೆವು. ಮರುದಿನ ಆಪರೇಷನ್ ಮಾಡಿ ಉಬ್ಬಿನ ಕತ್ತಿಗೆ ಕ್ಲಿಪ್ ಹಾಕಿದರು. ರಕ್ತನಾಳದ ಒಳಗಿನಿಂದಲೇ ಕಾಯಿಲ್ (ಸಣ್ಣ ತಂತಿಯ ಸುರುಳಿ) ತುಂಬುವುದು ಇನ್ನೊಂದು ದಾರಿ. ಯಾವುದು ಎಂಬುದು ಉಬ್ಬಿನ ಆಕಾರ, ರೋಗಿಯ ವಯಸ್ಸು, ಅಲ್ಲಿರುವ ತಂಡದ ಅನುಭವ ಎಲ್ಲವನ್ನೂ ನೋಡಿ ತೀರ್ಮಾನವಾಗುತ್ತದೆ.

ಹೊಸದಾಗಿ ಮೂರನೇ ನರವನ್ನು ಒತ್ತುತ್ತಿರುವ ಅನ್ಯೂರಿಸಂ ಒಡೆಯುವ ಹಂತದಲ್ಲಿರಬಹುದು. ಒಡೆದರೆ ಮೆದುಳಿನ ಸುತ್ತ ರಕ್ತ ತುಂಬಿ ಜೀವಕ್ಕೇ ಕುತ್ತು. ಆಕೆ ಆ ಇಡೀ ರಾತ್ರಿ ವಾರ್ಡಿನಲ್ಲಿ, ಶುಗರ್ ಕಂಟ್ರೋಲ್ ಮಾಡಿ ಎಂಬ ನನ್ನ ಟಿಪ್ಪಣಿಯ ಜೊತೆ ಮಲಗಿದ್ದರು. ಅದು ಈಗಲೂ ನನ್ನನ್ನು ಕಾಡುತ್ತದೆ.

ಒಂದು ಸಾಲು ಬದಲಿಸಿ ನೋಡಿ

ಅಂದಿನಿಂದ ನಾನು ಈ ಅಧ್ಯಾಯವನ್ನು ಕೋಷ್ಟಕವಾಗಿ ಓದುವುದು ಬಿಟ್ಟೆ. ಆಕೆಯ ಕೇಸ್ ಶೀಟನ್ನೇ ಮುಂದಿಟ್ಟುಕೊಂಡು ಒಂದು ಸಲಕ್ಕೆ ಒಂದೇ ಸಾಲು ಬದಲಿಸಿ, ಉತ್ತರ ಹೇಗೆ ಬದಲಾಗುತ್ತದೆ ನೋಡುತ್ತೇನೆ. ಕಿರಿಯರ ಜೊತೆ ಕೂತಾಗಲೂ ಇದನ್ನೇ ಮಾಡುತ್ತೇವೆ. ಒಬ್ಬರು ಸಾಲು ಬದಲಿಸುತ್ತಾರೆ, ಇನ್ನೊಬ್ಬರು ಜಾಗ ಹೇಳುತ್ತಾರೆ.

ಅದೇ ಕಣ್ಣು, ಜೊತೆಗೆ ಎಡಗೈ ಎಡಗಾಲು ಸೋತಿವೆ. ಬಲ ಪೆಡಂಕಲ್, ವೆಬರ್ ಸಿಂಡ್ರೋಮ್. ಕೈಕಾಲಿನ ಶಕ್ತಿ ಸೋತಿಲ್ಲ, ಎಡಗೈ ನಡುಗುತ್ತಿದೆ, ಅಂದರೆ ರೆಡ್ ನ್ಯೂಕ್ಲಿಯಸ್, ಬೆನೆಡಿಕ್ಟ್. ಇವು ಎಂಸಿಕ್ಯೂಗಳ ಹಳೇ ನೆಂಟರು, ಬೇಗ ಮುಗಿಯುತ್ತವೆ.

ಅದೇ ಕಣ್ಣು, ಆದರೆ ಹೊರಗೂ ಹೋಗುತ್ತಿಲ್ಲ, ಹಣೆ ಮರಗಟ್ಟಿದೆ. ಕ್ಯಾವರ್ನಸ್ ಸೈನಸ್. ಜೊತೆಗೆ ದೃಷ್ಟಿಯೂ ಇಳಿದಿದ್ದರೆ ಆರ್ಬಿಟಲ್ ಏಪೆಕ್ಸ್ (ಕಣ್ಣುಗೂಡಿನ ಹಿಂತುದಿ). ಶುಗರ್ ವಿಪರೀತ ಏರಿದೆ, ಮೂಗಿನೊಳಗೆ ಕಪ್ಪು ಹಕ್ಕಳೆ ಇದೆ ಎಂಬ ಸಾಲು ಸೇರಿದರೆ ಶಿಲೀಂಧ್ರದ ಸೋಂಕು, ಮ್ಯೂಕಾರ್‌ಮೈಕೋಸಿಸ್. ಆಂಫೋಟೆರಿಸಿನ್ ಶುರು ಮಾಡಿ ಅಂದೇ ಇಎನ್‌ಟಿಯವರನ್ನು ಕರೆಸಬೇಕು.

ಪಾಪೆ ಹಿಗ್ಗಿಲ್ಲ, ಬದಲಿಗೆ ಸಣ್ಣಗಾಗಿದೆ. ರೆಪ್ಪೆ 1-2 ಮಿ.ಮೀ. ಮಾತ್ರ ಇಳಿದಿದೆ, ಕಣ್ಣು ಎಲ್ಲ ಕಡೆ ಚೆನ್ನಾಗಿ ಓಡುತ್ತದೆ. ಹಾರ್ನರ್ ಸಿಂಡ್ರೋಮ್ (ಪಾಪೆ ಹಿಗ್ಗಿಸುವ ನರದ ದಾರಿ ಕೆಟ್ಟಿರುವುದು). ಇಲ್ಲಿ ವ್ಯತ್ಯಾಸ ಕತ್ತಲಲ್ಲಿ ಜಾಸ್ತಿ. ಕುತ್ತಿಗೆ ನೋವಿನ ಜೊತೆ ಹೊಸದಾಗಿ ಬಂದ ಹಾರ್ನರ್ ಅಂದರೆ ಕರೋಟಿಡ್ ಗೋಡೆ ಸೀಳಿಲ್ಲ ಎಂದು ಖಾತ್ರಿಯಾಗುವವರೆಗೆ ರೋಗಿಯನ್ನು ಮನೆಗೆ ಕಳಿಸಬೇಡಿ.

ಪಾಪೆ ಸಮ, ರೆಪ್ಪೆ ಬೆಳಗ್ಗೆ ಸರಿ ಸಂಜೆ ಇಳಿಯುತ್ತದೆ. ಮಯಸ್ತೇನಿಯಾ (ನರದ ಸುದ್ದಿ ಸ್ನಾಯುವಿಗೆ ಸರಿಯಾಗಿ ತಲುಪದೆ ಸ್ನಾಯು ಬೇಗ ದಣಿಯುವ ಕಾಯಿಲೆ). ಮೇಲೆ ನೋಡುತ್ತಲೇ ಇರಿ ಎಂದು ಹೇಳಿ ಕಾಯಿರಿ, ರೆಪ್ಪೆ ನಿಮ್ಮ ಕಣ್ಣೆದುರೇ ಜಾರುತ್ತದೆ. ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಐಸ್ ಇಟ್ಟು ತೆಗೆದಾಗ 2 ಮಿ.ಮೀ. ಅಥವಾ ಜಾಸ್ತಿ ಮೇಲೆದ್ದರೆ ಐಸ್ ಟೆಸ್ಟ್ ಪಾಸಿಟಿವ್. ಮಯಸ್ತೇನಿಯಾ ಯಾವ ನರದ ಪಾಲ್ಸಿಯ ವೇಷವನ್ನಾದರೂ ಹಾಕಬಲ್ಲದು, ಆದರೆ ಪಾಪೆಯನ್ನು ಮುಟ್ಟುವುದಿಲ್ಲ. ಪಾಪೆ ಹಿಗ್ಗಿದ ಕೇಸಿಗೆ ಮಯಸ್ತೇನಿಯಾ ಎಂದು ಉತ್ತರಿಸಬೇಡಿ.

ವಯಸ್ಸು 26, ರೆಪ್ಪೆ ಸರಿ, ಪಾಪೆ ಸರಿ. ಬಲಗಣ್ಣು ಮೂಗಿನ ಕಡೆ ಬರುವುದಿಲ್ಲ, ಆಗ ಎಡಗಣ್ಣು ಹೊರಗೆ ಹೋಗಿ ಅದುರುತ್ತದೆ. ಹತ್ತಿರದ ಬೆರಳನ್ನು ನೋಡಿ ಅಂದರೆ ಅದೇ ಬಲಗಣ್ಣು ಒಳಗೆ ಬರುತ್ತದೆ. ಇದು ಮೂರನೇ ನರವೇ ಅಲ್ಲ. ಎರಡು ಕಣ್ಣುಗಳ ಚಲನೆಯನ್ನು ಜೋಡಿಸುವ ಮೆದುಳುಕಾಂಡದ ಎಳೆಗಳಿಗೆ, ಅಂದರೆ ಬಲ ಎಂಎಲ್‌ಎಫ್‌ಗೆ, ಪೆಟ್ಟು, ಇಂಟರ್‌ನ್ಯೂಕ್ಲಿಯರ್ ಆಫ್ತಾಲ್ಮೊಪ್ಲೀಜಿಯಾ. ಈ ವಯಸ್ಸಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ನರಗಳ ಹೊದಿಕೆ ಕೆಡುವ ಕಾಯಿಲೆ) ನೆನಪಾಗಬೇಕು, ಹಿಂದೆ ಒಂದು ಕಣ್ಣು ನೋವಿನೊಂದಿಗೆ ಮಂಜಾಗಿತ್ತೇ ಎಂದು ಕೇಳಬೇಕು. ಆಪ್ಟಿಕ್ ನ್ಯೂರೈಟಿಸ್ (ದೃಷ್ಟಿನರದ ಉರಿಯೂತ) ಆಗಿದ್ದರೆ ಕಣ್ಣು ಆಡಿಸಿದಾಗ ನೋವು, ಕೆಂಪು ಬಣ್ಣ ಮಾಸಿದ ಹಾಗೆ ಕಾಣುವುದು, ಪಾಪೆಯಲ್ಲಿ ಆರ್‌ಎಪಿಡಿ (ಆ ಕಣ್ಣಿಗೆ ಬಿಟ್ಟ ಬೆಳಕಿಗೆ ಪಾಪೆಗಳು ಕಡಿಮೆ ಸ್ಪಂದಿಸುವುದು).

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಓದುವವರು ಅತಿ ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲೇ. ಎರಡು ಪಾಪೆಗಳ ಗಾತ್ರ ಬೇರೆಯಾಗಿರುವುದೂ ಆರ್‌ಎಪಿಡಿಯೂ ಒಂದೇ ಅಲ್ಲ. ಆಪ್ಟಿಕ್ ನರ ಬೆಳಕಿನ ಸುದ್ದಿಯನ್ನು ಒಳಗೆ ಒಯ್ಯುತ್ತದೆ. ಒಳಗೆ ಬಂದ ಸುದ್ದಿ ಎರಡೂ ಪಾಪೆಗೆ ಸಮನಾಗಿ ಹಂಚಿಹೋಗುತ್ತದೆ. ಹಾಗಾಗಿ ಒಂದು ಆಪ್ಟಿಕ್ ನರ ಪೂರ್ತಿ ಸತ್ತರೂ ಪಾಪೆಗಳ ಗಾತ್ರ ಸಮವೇ ಇರುತ್ತದೆ. ಟಾರ್ಚನ್ನು ಕಣ್ಣಿಂದ ಕಣ್ಣಿಗೆ ಸರಿಸಿದಾಗ ಮಾತ್ರ, ಕೆಟ್ಟ ಕಣ್ಣಿಗೆ ಬೆಳಕು ಬಂದ ಕೂಡಲೇ ಎರಡೂ ಪಾಪೆ ಹಿಗ್ಗುತ್ತವೆ. ಮೂರನೇ ನರದ್ದು ಹೊರದಾರಿ. ನಮ್ಮ ರೋಗಿಯ ಬಲಗಣ್ಣಿಗೆ ಬೆಳಕು ಬಿಟ್ಟಾಗ ಎಡಪಾಪೆ ಚುರುಕಾಗಿ ಸಣ್ಣಗಾಯಿತು, ಒಳದಾರಿ ಸರಿ. ಎಡಗಣ್ಣಿಗೆ ಬಿಟ್ಟಾಗ ಬಲಪಾಪೆ ಅಷ್ಟಾಗಿ ಕದಲಲಿಲ್ಲ, ಹೊರದಾರಿ ಕೆಟ್ಟಿದೆ. ವೈವಾದಲ್ಲಿ ಈ ಎರಡು ವಾಕ್ಯ ಹೇಳಿದರೆ ನಿಮಗೆ ದಾರಿ ಗೊತ್ತು ಎಂದು ಎದುರಿನವರಿಗೆ ತಿಳಿಯುತ್ತದೆ.

ಪಾಪೆ ಒಂದೇ ಹಿಗ್ಗಿದೆ, ರೆಪ್ಪೆ ಸರಿ, ಚಲನೆ ಸರಿ, ರೋಗಿ ಆರಾಮಾಗಿ ಓಡಾಡುತ್ತಿದ್ದಾರೆ. ಇದು ಅನ್ಯೂರಿಸಂ ಆಗಿರುವುದು ತೀರಾ ಅಪರೂಪ. ಕಣ್ಣಿಗೆ ಯಾವುದಾದರೂ ಹನಿ ಬಿದ್ದಿತ್ತೇ ಕೇಳಿ. ಹತ್ತಿರ ನೋಡಿದಾಗ ನಿಧಾನಕ್ಕೆ ಸಣ್ಣಗಾಗಿ, ಮತ್ತೆ ನಿಧಾನಕ್ಕೆ ಹಿಗ್ಗಿದರೆ ಏಡಿ (Adie) ಪಾಪೆ. ಆಗ ಹಿಮ್ಮಡಿಯ ರಿಫ್ಲೆಕ್ಸ್ ಕೂಡ ನೋಡಿ.

ವಯಸ್ಸು 72, ಅಗಿಯುವಾಗ ದವಡೆ ನೋವು, ತಲೆ ಬಾಚಿದರೆ ನೆತ್ತಿ ನೋವು. ಜೈಂಟ್ ಸೆಲ್ ಆರ್ಟರೈಟಿಸ್ (ರಕ್ತನಾಳಗಳ ಉರಿಯೂತ). ಉರಿಯೂತ ತಿಳಿಸುವ ಇಎಸ್‌ಆರ್, ಸಿಆರ್‌ಪಿ ಪರೀಕ್ಷೆಗೆ ರಕ್ತ ತೆಗೆದು ಆಗಲೇ ಸ್ಟಿರಾಯ್ಡ್ ಕೊಡಿ. ಬಯಾಪ್ಸಿಗೆ ಕಾದರೆ ಅಷ್ಟರಲ್ಲಿ ಕಣ್ಣು ಹೋಗಿರುತ್ತದೆ.

ಮೂರು ತಿಂಗಳ ನಂತರ

ಸಕ್ಕರೆ ಕಾಯಿಲೆಯ ಪಾಲ್ಸಿ ಸಾಮಾನ್ಯವಾಗಿ ಮೂರು ತಿಂಗಳೊಳಗೆ ತಾನಾಗಿ ಸರಿಹೋಗುತ್ತದೆ. ಈಕೆಯದು ನಿಧಾನವಾಗಿತ್ತು. ಮೊದಲು ರೆಪ್ಪೆ ಎದ್ದಿತು, ಆಮೇಲೆ ಒಳಚಲನೆ ಬಂತು. ಮೇಲಿನ ಚಲನೆ ಪೂರ್ತಿ ಬರಲಿಲ್ಲ. ನೇರ ನೋಡಿದರೆ ಈಗ ಒಂದೇ ಕಾಣುತ್ತದೆ ಅಂದರು. ಮೆಟ್ಟಿಲು ಇಳಿಯುವಾಗ ಮಾತ್ರ ಈಗಲೂ ಗೋಡೆ ಹಿಡಿಯುತ್ತಿದ್ದರು.

"ಕೆಳಗೆ ನೋಡಿ ಅಮ್ಮಾ" ಅಂದೆ. ಎಡ ರೆಪ್ಪೆ ಕಣ್ಣಿನ ಜೊತೆ ಇಳಿಯಿತು. ಬಲ ರೆಪ್ಪೆ ಇಳಿಯುವ ಬದಲು ಮೇಲೆದ್ದಿತು. ಮೂಗಿನ ಕಡೆ ನೋಡಿ ಅಂದಾಗಲೂ ಹಾಗೇ. ಒತ್ತಡಕ್ಕೆ ಸಿಕ್ಕಿ ತುಂಡಾದ ಎಳೆಗಳು ಮತ್ತೆ ಬೆಳೆಯುವಾಗ ದಾರಿ ತಪ್ಪುತ್ತವೆ. ಕಣ್ಣನ್ನು ಕೆಳಗಿಳಿಸುವ ಇನ್ಫೀರಿಯರ್ ರೆಕ್ಟಸ್‌ಗೆ, ಮೂಗಿನ ಕಡೆ ತಿರುಗಿಸುವ ಮೀಡಿಯಲ್ ರೆಕ್ಟಸ್‌ಗೆ ಹೋಗಬೇಕಾದವು ಲೆವೇಟರ್‌ಗೆ ಹೋಗಿ ಸೇರುತ್ತವೆ. ಅಬೆರಂಟ್ ರೀಜನರೇಷನ್. ಒತ್ತಡ ಅಥವಾ ಪೆಟ್ಟಿನ ಪಾಲ್ಸಿಯ ನಂತರ ಇದು ಬರುತ್ತದೆ, ಸಕ್ಕರೆ ಕಾಯಿಲೆಯ ಪಾಲ್ಸಿಯ ನಂತರ ಬರುವುದಿಲ್ಲ. 'ಡಯಾಬಿಟಿಕ್' ಎಂದು ಬರೆದು ಕಳಿಸಿದ ರೋಗಿಯಲ್ಲಿ ಇದು ಕಂಡರೆ ಅಂದೇ ಸ್ಕ್ಯಾನ್ ಮಾಡಿಸಬೇಕು.

ಶೀಟಿನಲ್ಲಿ ಪಾಪೆಯ ಅಳತೆ ಬರೆದೆ. ಕತ್ತಲಲ್ಲಿ ಬಲ 4.5, ಎಡ 4. ಬೆಳಕಲ್ಲಿ ಬಲ 3.5, ಎಡ 2.5.